ಉಂಡೆ ಚೇರಟೆ: ಆರ್ತ್ರೋಸ್ಫೇರಾ ಮ್ಯಾಗ್ನಾ ಮತ್ತು ಅದರ ವರ್ಗೀಕರಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಒಳನಾಡಿನಲ್ಲಿ, ಅಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ, ದೇಲಂಪಾಡಿಯಂಥ ಕಡೆಗಳಲ್ಲಿ, ಮಳೆ ಹಿಡಿದ ಮೇಲೆ ತೋಟದ ಬದಿಯ ತರಗೆಲೆಯನ್ನೋ ಕೊಳೆತ ಅಡಿಕೆ ಹಾಳೆಯನ್ನೋ ಎತ್ತಿ ನೋಡಿದರೆ, ಮುಟ್ಟಿದ ಕೂಡಲೇ ಉಂಡೆಯಾಗಿ ಉರುಳುವ ಒಂದು ಜೀವಿ ಕಾಣಸಿಗುವುದುಂಟು. ಬೆಳೆದ ಪ್ರಾಣಿ ಮುದುಡಿಕೊಂಡಾಗ ಸುಲಿದ ಅಡಿಕೆಯಷ್ಟಿರುತ್ತದೆ, ಕೆಲವು ಅದಕ್ಕಿಂತಲೂ ದೊಡ್ಡವು. ತೋಟದಲ್ಲಿ ದಿನವೂ ಕೆಲಸ ಮಾಡುವವರಿಗೆ ಇದು ಹೊಸದಲ್ಲ. ಆದರೆ ಇದು ಯಾವ ಗುಂಪಿಗೆ ಸೇರಿದ್ದು, ಇದರ ಹೆಸರನ್ನು ನಿರ್ಧರಿಸುವುದು ಹೇಗೆ ಎಂಬ ವಿಚಾರದಲ್ಲಿ ಕನ್ನಡದಲ್ಲಿ ಬರವಣಿಗೆ ತೀರಾ ಕಡಿಮೆ. ಕೃಷಿಕರೂ ವಿದ್ಯಾರ್ಥಿಗಳೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಮುಂದೆ ಇಟ್ಟುಕೊಂಡು ಉತ್ತರಿಸಲಾಗಿದೆ.

ಇದು ಕೀಟವೇ?

ಅಲ್ಲ. ಕೀಟಗಳೂ ಸಹಸ್ರಪದಿಗಳೂ ಸಂಧಿಪದಿಗಳೆಂಬ ಒಂದೇ ದೊಡ್ಡ ವಂಶಕ್ಕೆ ಸೇರಿದವಾದರೂ, ಕೀಟಕ್ಕೆ ಆರು ಕಾಲುಗಳು ಮಾತ್ರ. ದೇಹವು ತಲೆ, ಎದೆ, ಹೊಟ್ಟೆ ಎಂದು ಮೂರು ಭಾಗಗಳಾಗಿ ಬೇರ್ಪಟ್ಟಿರುತ್ತದೆ. ಉಂಡೆ ಚೇರಟೆಯ ದೇಹದಲ್ಲಿ ತಲೆಯ ಹಿಂದೆ ಸಾಲಾಗಿ ಜೋಡಿಸಿದ ಉಂಗುರಗಳಿವೆ, ಆ ಉಂಗುರಗಳ ಅಡಿಯಲ್ಲಿ ಕಾಲುಗಳಿವೆ. ಇದು ಸಹಸ್ರಪದಿ. ಅಂಗಳದಲ್ಲಿ ಕಾಣುವ ಉದ್ದನೆಯ ಚೇರಟೆಗಳೂ ಇದೂ ಒಂದೇ ವರ್ಗದವು.

ಜರಿ ಅಥವಾ ಶತಪದಿಯೊಂದಿಗೆ ಇದನ್ನು ಸೇರಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಶತಪದಿಯ ಒಂದೊಂದು ಖಂಡಕ್ಕೆ ಒಂದೊಂದೇ ಜೊತೆ ಕಾಲು. ಅದರ ಮೊದಲ ಜೊತೆ ಕಾಲುಗಳು ವಿಷದ ಕೊಂಡಿಗಳಾಗಿ ಮಾರ್ಪಟ್ಟಿರುತ್ತವೆ, ಅದು ಬೇಟೆಯಾಡಿ ಬದುಕುತ್ತದೆ. ಸಹಸ್ರಪದಿಗೆ ಕೊಂಡಿಯಿಲ್ಲ, ಬೇಟೆಯೂ ಇಲ್ಲ. ಅದರ ಹೆಚ್ಚಿನ ಉಂಗುರಗಳು ಭ್ರೂಣದ ಹಂತದ ಎರಡೆರಡು ಖಂಡಗಳು ಬೆಸೆದು ಆದವು, ಆದ್ದರಿಂದಲೇ ಒಂದು ಉಂಗುರಕ್ಕೆ ಎರಡು ಜೊತೆ ಕಾಲು. ಡಿಪ್ಲೋಪೋಡಾ ಎಂಬ ವರ್ಗವನ್ನು ಬೇರೆಯಾಗಿ ಗುರುತಿಸಲು ಇರುವ ಮುಖ್ಯ ಲಕ್ಷಣ ಇದೇ.

ಇದರ ಪೂರ್ಣ ವರ್ಗೀಕರಣವೇನು?

ಮೇಲಿನಿಂದ ಕೆಳಕ್ಕೆ ಹೇಳುವುದಾದರೆ, ಪ್ರಾಣಿ ಸಾಮ್ರಾಜ್ಯದ ಸಂಧಿಪದಿಗಳ ವಂಶದಲ್ಲಿ ಮಿರಿಯಾಪೋಡಾ ಎಂಬ ಉಪವಂಶ. ಅದರಲ್ಲಿ ಡಿಪ್ಲೋಪೋಡಾ ವರ್ಗ. ಆ ವರ್ಗದೊಳಗೆ ಗಟ್ಟಿ ಚಿಪ್ಪಿನ ಸಹಸ್ರಪದಿಗಳ ಕೈಲೋಗ್ನಾತಾ ಎಂಬ ಉಪವರ್ಗ. ಅದರಲ್ಲಿ ಮುದುಡಿಕೊಳ್ಳುವ ಗಣಗಳನ್ನು ಒಳಗೊಂಡ ಪೆಂಟಾಝೋನಿಯಾ ಎಂಬ ಗುಂಪು. ಅನಂತರ ಸ್ಫೇರೋತೀರಿಡಾ ಎಂಬ ಗಣ. ಆರ್ತ್ರೋಸ್ಫೇರಿಡೇ ಎಂಬ ಕುಟುಂಬ. ಆರ್ತ್ರೋಸ್ಫೇರಾ ಎಂಬ ಕುಲ. ಕೊನೆಗೆ ಮ್ಯಾಗ್ನಾ ಎಂಬ ಪ್ರಭೇದ.

ಈ ಏಣಿಯ ಒಂದೊಂದು ಮೆಟ್ಟಿಲನ್ನೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಕಟ್ಟಿದ್ದಾರೆ. 1758ರಲ್ಲಿ ಲಿನೇಯಸ್ ಹೆಸರಿಡಲು ತೊಡಗಿದಾಗ ಸಹಸ್ರಪದಿಗಳಿಗೆಲ್ಲ ಜೂಲಸ್ ಎಂಬ ಒಂದೇ ಕುಲವಿತ್ತು, ಅದನ್ನೂ ರೆಕ್ಕೆಯಿಲ್ಲದ ಕೀಟಗಳ ಸಾಲಿನಲ್ಲಿ ಕೂರಿಸಲಾಗಿತ್ತು. ಸ್ಫೇರೋತೀರಿಡಾ ಗಣದ ಹೆಸರು 1833ರಲ್ಲಿ ಬ್ರಾಂಟ್ ಎಂಬ ವಿದ್ವಾಂಸನ ಕೆಲಸದಿಂದ ಬಂದದ್ದು. ಆರ್ತ್ರೋಸ್ಫೇರಾ ಕುಲವನ್ನು 1895ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಪೋಕಾಕ್ ಸ್ಥಾಪಿಸಿದ. ಕುಟುಂಬವನ್ನು ಪ್ರತ್ಯೇಕಿಸಿದ್ದು ಇನ್ನೂ ಈಚೆಗೆ, 1974ರಲ್ಲಿ, ನೆದರ್ಲೆಂಡ್ಸ್‌ನ ಯೇಕೆಲ್. ಕುಲ ಮೊದಲು, ಕುಟುಂಬ ಸುಮಾರು ಎಂಬತ್ತು ವರ್ಷಗಳ ನಂತರ ಎಂಬುದು ವಿಚಿತ್ರವಾಗಿ ಕಂಡರೂ, ವರ್ಗೀಕರಣ ಸಾಗುವ ರೀತಿಯೇ ಅದು: ಕೈಯಲ್ಲಿರುವ ಪ್ರಾಣಿಗೆ ಮೊದಲು ಹೆಸರು, ಅದರ ನೆಂಟರು ಯಾರೆಂಬ ತೀರ್ಮಾನ ಆಮೇಲೆ.

ಹೆಸರಿನ ಜೊತೆ ‘ಆಟೆಮ್ಸ್, 1936’ ಎಂದು ಬರೆಯುತ್ತಾರಲ್ಲ, ಏಕೆ?

ಆ ಪ್ರಭೇದವನ್ನು ಮೊದಲು ವಿವರಿಸಿದವರು ಯಾರು, ಯಾವ ವರ್ಷ ಎಂಬುದನ್ನು ಅದು ತಿಳಿಸುತ್ತದೆ. ಕಾರ್ಲ್ ಆಟೆಮ್ಸ್ (1868–1952) ಆಸ್ಟ್ರಿಯದವನು, ವಿಯೆನ್ನಾದ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಲ್ಲಿ ಬಹುಕಾಲ ದುಡಿದು ಜಗತ್ತಿನ ನಾನಾ ಕಡೆಯ ಸಹಸ್ರಪದಿಗಳನ್ನು ವಿವರಿಸಿದವನು. ಭಾರತದ ಸಹಸ್ರಪದಿಗಳ ಬಗ್ಗೆ ಅವನು ಬರೆದ ವಿಸ್ತಾರವಾದ ಪ್ರಬಂಧವನ್ನು 1936ರಲ್ಲಿ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ ಪ್ರಕಟಿಸಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆರ್ತ್ರೋಸ್ಫೇರಾ ಲ್ಯೂಟೆಸೆನ್ಸ್ ಎಂಬ ಸೋದರ ಪ್ರಭೇದದ ಮುಂದೆ ಬಟ್ಲರ್, 1872 ಎಂಬುದನ್ನು ಕಂಸದೊಳಗೆ ಬರೆಯಲಾಗುತ್ತದೆ. ಅದರ ಅರ್ಥ, ಬಟ್ಲರ್ ಅದನ್ನು ಮೊದಲು ಬೇರೊಂದು ಕುಲದಲ್ಲಿ ಇಟ್ಟಿದ್ದ, ಆಮೇಲೆ ಆರ್ತ್ರೋಸ್ಫೇರಾಕ್ಕೆ ಸ್ಥಳಾಂತರವಾಯಿತು ಎಂದು. 1872ರಲ್ಲಿ ಆರ್ತ್ರೋಸ್ಫೇರಾ ಎಂಬ ಕುಲವೇ ಇರಲಿಲ್ಲವಲ್ಲ. ಮ್ಯಾಗ್ನಾದ ಮುಂದೆ ಕಂಸವಿಲ್ಲ, ಏಕೆಂದರೆ ಆಟೆಮ್ಸ್ ಅದನ್ನು ಆರಂಭದಿಂದಲೂ ಇದೇ ಕುಲದಲ್ಲಿಟ್ಟ. ಒಂದು ಪುಟ್ಟ ಕಂಸ ಇಷ್ಟು ಚರಿತ್ರೆಯನ್ನು ಹೇಳುತ್ತದೆ. ವಿದ್ಯಾರ್ಥಿಗಳು ಅದನ್ನು ಅಲಂಕಾರವೆಂದು ಬಗೆದು ತಮಗೆ ಬೇಕಾದಂತೆ ಸೇರಿಸುವುದನ್ನೂ ಬಿಡುವುದನ್ನೂ ನಿಲ್ಲಿಸಬೇಕು.

ಕಾಲುಗಳು ನಿಜಕ್ಕೂ ಎಷ್ಟು?

ಸ್ಫೇರೋತೀರಿಡಾ ಗಣದ ಬೆಳೆದ ಹೆಣ್ಣಿಗೆ 21 ಜೊತೆ, ಅಂದರೆ 42 ಕಾಲುಗಳು. ಗಂಡಿಗೂ ನಡೆಯುವ ಕಾಲುಗಳು 21 ಜೊತೆಯೇ. ಅವುಗಳ ಹಿಂದೆ ಇನ್ನೂ ಎರಡು ಜೊತೆ ಇದ್ದು, ಅವು ನಡೆಯಲು ಬಾರದ, ಹೆಣ್ಣನ್ನು ಹಿಡಿದುಕೊಳ್ಳಲೆಂದು ಮಾರ್ಪಟ್ಟ ದಪ್ಪ ಚಿಮುಟಗಳಾಗಿವೆ. ಇವನ್ನು ಟೆಲೋಪಾಡ್ ಎನ್ನುತ್ತಾರೆ. ಸಹಸ್ರಪದಿಗಳಲ್ಲಿ ಸಾವಿರ ಕಾಲನ್ನು ದಾಟಿದ ಪ್ರಭೇದ ಒಂದಿದೆ: ಆಸ್ಟ್ರೇಲಿಯದ ನೆಲದಾಳದಲ್ಲಿ ಸಿಕ್ಕ ಯೂಮಿಲಿಪೀಸ್ ಪರ್ಸೆಫೊನೆ. 2021ರಲ್ಲಿ ವಿವರಿಸಲಾದ ಅದರ ಒಂದು ಹೆಣ್ಣಿನಲ್ಲಿ 1,306 ಕಾಲುಗಳನ್ನು ಎಣಿಸಲಾಗಿದೆ.

ಉಂಡೆ ಚೇರಟೆಯ ಕಾಲೆಣಿಸುವುದಕ್ಕೆ ತಾಳ್ಮೆ ಬೇಕು. ಅಂಗೈಯಲ್ಲಿಟ್ಟುಕೊಂಡು ಅಲುಗಾಡದೆ ಕಾದರೆ, ಮೊದಲು ಹಿಂಬದಿಯ ದೊಡ್ಡ ಕವಚ ಒಂದು ಕೂದಲೆಳೆಯಷ್ಟು ಸಡಿಲವಾಗುತ್ತದೆ. ಆ ಸಂದಿಯಿಂದ ಗಿಡ್ಡ ಮೀಸೆಗಳೆರಡು ಹೊರಬಂದು ಚರ್ಮವನ್ನು ತಟ್ಟಿ ನೋಡುತ್ತವೆ. ಉಸಿರು ತಾಗಿದರೂ ಒಳಕ್ಕೆ ಹೋಗುತ್ತವೆ. ಎಲ್ಲ ಸರಿಯೆನಿಸಿದ ಮೇಲೆ ಬೆನ್ನಿನ ಫಲಕಗಳು ಒಂದರ ಹಿಂದೊಂದು ಜಾರಿ ಬಿಚ್ಚಿಕೊಂಡು, ಅಡಿಯ ಮಸುಕು ಬಣ್ಣದ ಕಾಲುಗಳು ಅಲೆಯಲೆಯಾಗಿ ಚಲಿಸತೊಡಗುತ್ತವೆ.

ಉಂಡೆ ಕಟ್ಟುವ ಬೇರೆ ಪ್ರಾಣಿಗಳೂ ಇವೆಯಲ್ಲ. ವ್ಯತ್ಯಾಸ ಹೇಗೆ ತಿಳಿಯುವುದು?

ಹೂಕುಂಡದ ಅಡಿಯಲ್ಲಿ, ಕಲ್ಲಿನ ಕೆಳಗೆ ಕಾಣುವ ಬೂದು ಬಣ್ಣದ ಸಣ್ಣ ಪ್ರಾಣಿಯೊಂದು ಹೀಗೆಯೇ ಮುದುಡಿಕೊಳ್ಳುತ್ತದೆ. ಅದು ಏಡಿ, ಸಿಗಡಿಗಳ ಬಳಗಕ್ಕೆ ಸೇರಿದ, ನೆಲದ ಮೇಲೆ ಬದುಕಲು ಕಲಿತ ಐಸೊಪಾಡ್. ಅದಕ್ಕೆ ಏಳು ಜೊತೆ ಕಾಲು ಮಾತ್ರ, ಗಾತ್ರವೂ ಕಡಿಮೆ, ಹಿಂತುದಿಯಲ್ಲಿ ಒಂದೇ ದೊಡ್ಡ ಕವಚದ ಬದಲು ಹಲವು ಕಿರಿದಾದ ಪಟ್ಟಿಗಳು. ಎರಡಕ್ಕೂ ರಕ್ತಸಂಬಂಧ ದೂರದ್ದು. ಒಂದೇ ಬಗೆಯ ಅಪಾಯಕ್ಕೆ ಒಂದೇ ಬಗೆಯ ಉಪಾಯವನ್ನು ಬೇರೆ ಬೇರೆಯಾಗಿ ಕಂಡುಕೊಂಡಿವೆ.

ಹತ್ತಿರದ ಹೋಲಿಕೆಯಿರುವುದು ಗ್ಲೋಮೆರಿಡಾ ಎಂಬ ಇನ್ನೊಂದು ಗಣದೊಂದಿಗೆ. ಅವೂ ಸಹಸ್ರಪದಿಗಳೇ, ಮುಖ್ಯವಾಗಿ ಉತ್ತರ ಗೋಲಾರ್ಧದವು, ಸಾಮಾನ್ಯವಾಗಿ 2 ಸೆಂಟಿಮೀಟರ್‌ಗಿಂತ ಸಣ್ಣವು. ಅವುಗಳ ದೇಹದಲ್ಲಿ 11 ಅಥವಾ 12 ಖಂಡಗಳಿದ್ದರೆ ಸ್ಫೇರೋತೀರಿಡಾದಲ್ಲಿ 13 ಇವೆ. ಬೆಳೆದ ಗ್ಲೋಮೆರಿಡಾ ಹೆಣ್ಣಿಗೆ 17 ಜೊತೆ ಕಾಲು, ಗಂಡಿಗೆ ಚಿಮುಟ ಸೇರಿ 19 ಜೊತೆ. ಯುರೋಪಿನ ಪುಸ್ತಕಗಳಲ್ಲಿ ಬರುವ ಚಿತ್ರಗಳು ಹೆಚ್ಚಾಗಿ ಗ್ಲೋಮೆರಿಡಾದವು. ಅವನ್ನು ನಮ್ಮ ತೋಟದ ಪ್ರಾಣಿಯ ಚಿತ್ರವೆಂದು ಪಾಠದಲ್ಲಿ ತೋರಿಸುವುದು ಸರಿಯಲ್ಲ.

ಬಣ್ಣ ನೋಡಿ ಪ್ರಭೇದವನ್ನು ಹೇಳಬಹುದೇ?

ಹೇಳಬಾರದು. ಇಡೀ ಬರಹದಲ್ಲಿ ಒಂದೇ ಉತ್ತರವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಆರ್ತ್ರೋಸ್ಫೇರಾ ಕುಲದಲ್ಲಿ ದಕ್ಷಿಣ ಭಾರತ ಮತ್ತು ಶ್ರೀಲಂಕಾದಿಂದ ಮೂವತ್ತಕ್ಕೂ ಹೆಚ್ಚು ಪ್ರಭೇದಗಳನ್ನು ವಿವರಿಸಲಾಗಿದೆ. ಕಂದು, ಕಪ್ಪು, ಹಳದಿ ಅಂಚಿನವು, ಮಚ್ಚೆಯವು ಎಂದು ಬಣ್ಣ ನಾನಾ ಬಗೆ. ಒಂದೇ ಪ್ರಭೇದದಲ್ಲೂ ವಯಸ್ಸಿಗೆ ತಕ್ಕಂತೆ, ಪೊರೆ ಕಳಚಿದ ಹೊಸತರಲ್ಲಿ ಒಂದು, ಹಳತಾದಾಗ ಇನ್ನೊಂದು ಎಂದು ಬಣ್ಣ ಬದಲಾಗುತ್ತದೆ. ಮದ್ಯಸಾರದಲ್ಲಿ ಹಾಕಿಟ್ಟ ಮಾದರಿಯಂತೂ ಕೆಲವು ವರ್ಷಗಳಲ್ಲಿ ಬಿಳಿಚಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ವಿವರಣೆಗಳಲ್ಲಿ ಹಲವು ಬಣ್ಣ ಮತ್ತು ಬೆನ್ನಿನ ಹೊಳಪನ್ನೇ ನೆಚ್ಚಿಕೊಂಡಿದ್ದರಿಂದ, ಇಂದಿನವರು ಆ ಹೆಸರುಗಳಲ್ಲಿ ಎಷ್ಟು ನಿಲ್ಲುತ್ತವೆ ಎಂಬುದನ್ನು ಮೂಲಮಾದರಿಗಳನ್ನು, ಅಂದರೆ ಮೊದಲ ವಿವರಣೆಗೆ ಆಧಾರವಾದ ಪ್ರಾಣಿಗಳನ್ನು, ಮತ್ತೆ ತೆಗೆದು ನೋಡಿಯೇ ತೀರ್ಮಾನಿಸಬೇಕಾಗಿದೆ.

ನಿರ್ಣಾಯಕವಾದ ಗುರುತುಗಳು ಅಡಿಭಾಗದಲ್ಲಿವೆ. ಮೊದಲನೆಯದು ಗಂಡಿನ ಟೆಲೋಪಾಡ್. ಮುಂದಿನ ಜೊತೆಯ ಗೆಣ್ಣುಗಳು ಎಷ್ಟು, ಅವುಗಳ ಮೇಲಿನ ಮುಳ್ಳು ಮತ್ತು ಉಬ್ಬುಗಳು ಎಲ್ಲಿವೆ, ಹಿಂದಿನ ಜೊತೆಯ ಚಿಮುಟದ ಚಲಿಸುವ ಬೆರಳಿಗೂ ಚಲಿಸದ ಬೆರಳಿಗೂ ಉದ್ದದಲ್ಲಿ ಎಷ್ಟು ಅಂತರ, ಒಳಬದಿಯಲ್ಲಿ ಹಲ್ಲುಗಳಿವೆಯೇ ಎಂಬಿವೇ ಮೊದಲಾದ ವಿವರಗಳು ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗುತ್ತವೆ. ಎರಡನೆಯದು ಹೆಣ್ಣಿನ ಜನನಾಂಗದ ಫಲಕಗಳು. ಅವು ಎರಡನೆಯ ಜೊತೆ ಕಾಲಿನ ಬುಡದಲ್ಲಿರುತ್ತವೆ. ಮೂರನೆಯದು ಬೆನ್ನಿನ ಫಲಕದ ಹಿಂದಿನ ಅಂಚಿನ ಒಳಬದಿ, ಇದನ್ನು ಎಂಡೋಟರ್ಗಮ್ ಎನ್ನುತ್ತಾರೆ. ಅಲ್ಲಿನ ರೋಮಗಳ ಸಾಲು ಮತ್ತು ಕುಳಿಗಳ ಜೋಡಣೆಯನ್ನು ಈಗ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ದಾಖಲಿಸುತ್ತಾರೆ. ಮೀಸೆಯ ತುದಿಯ ಸಂವೇದನಾ ಶಂಕುಗಳ ಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ. ಇವುಗಳ ಜೊತೆಗೆ, ಸಿಒಐ ಎಂಬ ಮೈಟೊಕಾಂಡ್ರಿಯದ ವಂಶವಾಹಿಯ ಅನುಕ್ರಮವನ್ನು ಓದುವ ರೂಢಿಯೂ ಬಂದಿದೆ. ಆದರೆ ಹೋಲಿಸಿ ನೋಡಲು ಸರಿಯಾಗಿ ಗುರುತಿಸಿದ ಮಾದರಿಯ ಅನುಕ್ರಮ ಮೊದಲೇ ಇರಬೇಕು, ಇಲ್ಲದಿದ್ದರೆ ಅದು ಬರಿಯ ಅಕ್ಷರಮಾಲೆ.

ಹೆಣ್ಣು ಅಥವಾ ಮರಿ ಮಾತ್ರ ಸಿಕ್ಕಿದಾಗ ಕುಲದ ಹೆಸರಿನವರೆಗೆ ಬಂದು ನಿಲ್ಲುವುದೇ ಪ್ರಾಮಾಣಿಕವಾದ ಕೆಲಸ.

ಹಾಗಾದರೆ ನಮ್ಮ ತೋಟದಲ್ಲಿರುವುದು ಮ್ಯಾಗ್ನಾವೇ?

ಇರಬಹುದು. ಕಾಸರಗೋಡಿಗೆ ತಾಗಿಕೊಂಡಿರುವ ದಕ್ಷಿಣ ಕನ್ನಡದ ಮಿಶ್ರ ತೋಟ ಮತ್ತು ಅರೆ ನಿತ್ಯಹರಿದ್ವರ್ಣ ಕಾಡಿನಲ್ಲಿ ಈ ಪ್ರಭೇದವನ್ನು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಈ ಶತಮಾನದ ಮೊದಲ ದಶಕದಲ್ಲಿ ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಮಣ್ಣು, ಮಳೆ, ಬೆಳೆ ಎಲ್ಲವೂ ಗಡಿಯ ಎರಡು ಬದಿಗೂ ಒಂದೇ ತೆರನಾದುದರಿಂದ ಇಲ್ಲಿಯೂ ಅದೇ ಇದ್ದರೆ ಆಶ್ಚರ್ಯವಿಲ್ಲ. ಆದರೂ ಊಹೆ ದಾಖಲೆಯಾಗುವುದಿಲ್ಲ. ಪಶ್ಚಿಮ ಘಟ್ಟದಿಂದ ಫ್ಯೂಮೋಸಾ, ಡಾಲಿಯೈ, ಡಿಸ್ಟಿಕ್ಟಾ ಮೊದಲಾದ ಬೇರೆ ಪ್ರಭೇದಗಳನ್ನೂ ವಿವರಿಸಲಾಗಿದೆ, ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟಕ್ಕೆ ಪ್ರಭೇದ ಬದಲಾಗುವುದು ಇಂಥ ನಿಧಾನಗತಿಯ ಪ್ರಾಣಿಗಳಲ್ಲಿ ಸಾಮಾನ್ಯ. ರಾಣಿಪುರದ ಶೋಲಾ ಕಾಡಿನಲ್ಲಿ ಕಂಡದ್ದೂ ಕುಂಬಳೆಯ ಹೊಳೆಬದಿಯ ತೋಟದಲ್ಲಿ ಕಂಡದ್ದೂ ಒಂದೇ ಎಂದು, ಬೆಳೆದ ಗಂಡುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡದೆ ಬರೆಯಲಾಗದು.

ದಾಖಲೆಯ ಕೊರತೆ ಇಡೀ ದೇಶದ್ದು. ಭಾರತದ ಸಹಸ್ರಪದಿಗಳ ಪಟ್ಟಿಯೊಂದನ್ನು 2016ರಲ್ಲಿ ಪ್ರಕಟಿಸಿದಾಗ ಅದರಲ್ಲಿ ಇದ್ದದ್ದು 11 ಗಣಗಳ 270 ಪ್ರಭೇದಗಳು. ಜಗತ್ತಿನಲ್ಲಿ ಈವರೆಗೆ ಹೆಸರು ಪಡೆದವು ಸುಮಾರು 12,000. ಪಶ್ಚಿಮ ಘಟ್ಟದಂಥ ಪ್ರದೇಶವನ್ನು ಒಳಗೊಂಡ ದೇಶಕ್ಕೆ 270 ತೀರಾ ಸಣ್ಣ ಸಂಖ್ಯೆ. ಪ್ರಾಣಿಗಳು ಕಡಿಮೆಯಿರುವುದರಿಂದಲ್ಲ, ಹುಡುಕಿದವರು ಕಡಿಮೆಯಾದುದರಿಂದ ಎಂದೇ ನನ್ನ ನಂಬಿಕೆ.

ಇದರ ಹತ್ತಿರದ ಸಂಬಂಧಿಗಳು ಮಡಗಾಸ್ಕರ್‌ನಲ್ಲಿವೆ ಎನ್ನುತ್ತಾರೆ. ನಿಜವೇ?

ನಿಜ, ಮತ್ತು ಈ ಪ್ರಾಣಿಯ ಬಗ್ಗೆ ತಿಳಿದಿರುವ ಸಂಗತಿಗಳಲ್ಲೆಲ್ಲ ಬಹಳ ಬೆಲೆಯುಳ್ಳದ್ದು ಇದು. ಆರ್ತ್ರೋಸ್ಫೇರಿಡೇ ಕುಟುಂಬದ ಕುಲಗಳು ಇರುವುದು ಎರಡೇ ಕಡೆ: ದಕ್ಷಿಣ ಭಾರತ ಮತ್ತು ಶ್ರೀಲಂಕಾ ಒಂದು ಕಡೆ, ಮಡಗಾಸ್ಕರ್ ಇನ್ನೊಂದು ಕಡೆ. ನಡುವೆ ಹಿಂದೂ ಮಹಾಸಾಗರ. ಆಗ್ನೇಯ ಏಷ್ಯಾದ ಉಂಡೆ ಚೇರಟೆಗಳು ಝೆಫ್ರೋನಿಡೇ ಎಂಬ ಬೇರೆ ಕುಟುಂಬದವು, ದಕ್ಷಿಣ ಆಫ್ರಿಕದವು ಮತ್ತೊಂದು ಕುಟುಂಬದವು. ಭೂಪಟದಲ್ಲಿ ನಮಗೆ ಹತ್ತಿರವಾಗಿ ಕಾಣುವುದು ಮಲೇಷ್ಯಾ, ಆದರೆ ನೆಂಟಸ್ತಿಕೆ ಇರುವುದು ಮಡಗಾಸ್ಕರ್‌ನೊಂದಿಗೆ.

ಸ್ಫೇರೋತೀರಿಡಾದ ವಂಶವೃಕ್ಷವನ್ನು ಬಿಡಿಸಿದವರಲ್ಲಿ ಜರ್ಮನಿಯ ಥಾಮಸ್ ವೆಸೆನರ್ ಮುಖ್ಯರು. ಮಡಗಾಸ್ಕರ್‌ನ ಸ್ಫೇರೋಮಿಮಸ್ ಎಂಬ ಕುಲವು ತನ್ನದೇ ದ್ವೀಪದ ಝೂಸ್ಫೇರಿಯಮ್ ಕುಲಕ್ಕಿಂತಲೂ ನಮ್ಮ ಆರ್ತ್ರೋಸ್ಫೇರಾಕ್ಕೆ ಹೆಚ್ಚು ಹತ್ತಿರದ್ದು ಎಂಬುದು ಅವರ ಅಧ್ಯಯನಗಳಿಂದ ಹೊರಬಂದ ಸಂಗತಿ. ಇದಕ್ಕೆ ವಿವರಣೆ ಭೂಮಿಯ ಚರಿತ್ರೆಯಲ್ಲಿದೆ. ಗೊಂಡ್ವಾನ ಎಂಬ ಮಹಾಖಂಡ ಒಡೆದಾಗ ಭಾರತವೂ ಮಡಗಾಸ್ಕರ್‌ವೂ ಒಂದೇ ತುಂಡಾಗಿ ಬಹುಕಾಲ ಉಳಿದು, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಬೇರ್ಪಟ್ಟವು. ಹಾರಲು ಬಾರದ, ಒಣ ಗಾಳಿಯಲ್ಲಿ ಬಹಳ ಹೊತ್ತು ಬದುಕಲಾಗದ ಈ ಪ್ರಾಣಿ ಸಾಗರ ದಾಟಿ ಬರುವ ಸಾಧ್ಯತೆ ಅತ್ಯಲ್ಪ. ನೆಲವೇ ಸರಿದಾಗ ನೆಲದ ಮೇಲಿದ್ದ ಅದೂ ಸರಿದು ಬಂದಿತು ಎನ್ನುವುದೇ ಹೊಂದುವ ವಿವರಣೆ. ಶ್ರೀಲಂಕಾದ ಬ್ರಾಂಟಿಯೈ ಎಂಬ ಪ್ರಭೇದ ಟಾಂಜಾನಿಯದ ಉಸಂಬರಾ ಬೆಟ್ಟಗಳಲ್ಲಿಯೂ ಸಿಕ್ಕಿದೆ. ಅದು ಮನುಷ್ಯರ ಮೂಲಕ ಹೋಗಿ ನೆಲೆಸಿದ್ದೆಂದು ಭಾವಿಸಲಾಗಿದೆ, ಆದ್ದರಿಂದ ಈ ಚರಿತ್ರೆಗೆ ಅದು ಅಪವಾದವಾಗುವುದಿಲ್ಲ.

ಇದು ಕಚ್ಚುತ್ತದೆಯೇ? ವಿಷವಿದೆಯೇ?

ಕಚ್ಚುವುದಿಲ್ಲ, ವಿಷವೂ ಇಲ್ಲ. ಉದ್ದನೆಯ ಚೇರಟೆಗಳನ್ನು ಮುಟ್ಟಿದಾಗ ಕೈಗೆ ಕಂದು ಕಲೆ ಹತ್ತಿ ಕಟುವಾಸನೆ ಬರುವುದನ್ನು ಎಲ್ಲರೂ ಬಲ್ಲರು. ಅವುಗಳ ಮೈಯ ಬದಿಯ ಗ್ರಂಥಿಗಳಿಂದ ಬೆಂಜೊಕ್ವಿನೋನ್ ಎಂಬ ರಾಸಾಯನಿಕ ಹೊರಬರುತ್ತದೆ. ಕಣ್ಣಿಗೆ ತಾಗಿದರೆ ಉರಿಯುತ್ತದೆ, ಕೂಡಲೇ ನೀರಿನಲ್ಲಿ ತೊಳೆದು ವೈದ್ಯರನ್ನು ಕಾಣಬೇಕು. ಚಪ್ಪಟೆ ಬೆನ್ನಿನ ಪಾಲಿಡೆಸ್ಮಿಡಾ ಗಣದವು ಹೈಡ್ರೋಜನ್ ಸಯನೈಡ್ ಅನ್ನು ಅತ್ಯಲ್ಪ ಪ್ರಮಾಣದಲ್ಲಿ ಬಿಡುತ್ತವೆ. ಸ್ಫೇರೋತೀರಿಡಾದಲ್ಲಿ ಇಂಥ ಗ್ರಂಥಿಗಳೇ ಇಲ್ಲ.

ಅದಕ್ಕಿರುವುದು ಕವಚ ಒಂದೇ. ಸುಣ್ಣದಂಶದಿಂದ ಗಟ್ಟಿಯಾದ ಆ ಕವಚದ ಜೋಡಣೆ ಬಹಳ ಅಚ್ಚುಕಟ್ಟು. ತಲೆಯ ಹಿಂದಿನ ಎರಡನೆಯ ಫಲಕ ಇತರವುಗಳಿಗಿಂತ ದೊಡ್ಡದು, ಅದರ ಅಂಚಿನಲ್ಲಿ ಉದ್ದಕ್ಕೂ ಒಂದು ತೋಡು. ಪ್ರಾಣಿ ಮುದುಡಿಕೊಂಡಾಗ ಹಿಂದಿನ ಫಲಕಗಳ ತುದಿಗಳೆಲ್ಲ ಬಂದು ಆ ತೋಡಿನಲ್ಲಿ ಕೂರುತ್ತವೆ, ಕಟ್ಟಕಡೆಯ ದೊಡ್ಡ ಕವಚ ತಲೆಯ ಮೇಲೆ ಬಂದು ಮುಚ್ಚುತ್ತದೆ. ಬಲವಂತದಿಂದ ಬಿಚ್ಚಲು ಹೋದರೆ ಅದು ಸಾಯುತ್ತದೆಯೇ ಹೊರತು ಬಿಚ್ಚಿಕೊಳ್ಳುವುದಿಲ್ಲ. ಮಕ್ಕಳಿಗೆ ಇದನ್ನು ತಿಳಿಹೇಳಬೇಕು. ಈ ಕೋಟೆಯನ್ನು ಒಡೆಯುವ ಪ್ರಾಣಿಯೂ ಇಲ್ಲದಿಲ್ಲ: ಆಫ್ರಿಕದ ಪಟ್ಟೆ ಮುಂಗುಸಿ ಉಂಡೆ ಚೇರಟೆಯನ್ನು ಮುಂಗಾಲಿನಲ್ಲಿ ಹಿಡಿದು, ಹಿಂಗಾಲುಗಳ ನಡುವಿನಿಂದ ಬಂಡೆಗೆ ಎಸೆದು ಒಡೆಯುವುದನ್ನು 1967ರಲ್ಲಿ ವರದಿ ಮಾಡಲಾಗಿದೆ.

ಇದು ಶಬ್ದ ಮಾಡುತ್ತದೆಯೇ?

ಸ್ಫೇರೋತೀರಿಡಾದ ಹಲವು ಪ್ರಭೇದಗಳು ಮಾಡುತ್ತವೆ. ಆರ್ತ್ರೋಸ್ಫೇರಿಡೇ ಕುಟುಂಬದಲ್ಲಿ ಗಂಡಿನ ಮುಂದಿನ ಟೆಲೋಪಾಡ್ ಮೇಲೆ ಗೀರುಗಳಿದ್ದು, ಕೊನೆಯ ಕವಚದ ಒಳಬದಿಗೆ ಅದನ್ನು ಉಜ್ಜಿದಾಗ ಕಂಪನ ಉಂಟಾಗುತ್ತದೆ. ಹೆದರಿ ಮುದುಡಿಕೊಂಡ ಹೆಣ್ಣು ಬಿಚ್ಚಿಕೊಳ್ಳುವಂತೆ ಮಾಡುವುದಕ್ಕೆ ಈ ಕಂಪನ ಎಂಬುದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಭಿಪ್ರಾಯ. ಮುದುಡಿಕೊಂಡ ಹೆಣ್ಣಿನೊಡನೆ ಕೂಡುವುದಕ್ಕೆ ದಾರಿಯೇ ಇಲ್ಲವಾದುದರಿಂದ ತರ್ಕಕ್ಕೆ ಸರಿಹೊಂದುತ್ತದೆ. ಗೀರುಗಳ ಸಂಖ್ಯೆ ಮತ್ತು ಜೋಡಣೆಯನ್ನೂ ವರ್ಗೀಕರಣದಲ್ಲಿ ಬಳಸುತ್ತಾರೆ. ಸ್ಫೇರೋಮಿಮಸ್ ಕುಲದಲ್ಲಿ ಅವು ವಿಶೇಷವಾಗಿ ಬೆಳೆದಿವೆ.

ಅಡಿಕೆಗೆ, ತೆಂಗಿಗೆ, ಕೊಕ್ಕೊಗೆ ಹಾನಿ ಮಾಡುತ್ತದೆಯೇ?

ಇಲ್ಲ. ಅದರ ಆಹಾರ ಉದುರಿ ಕೊಳೆಯತೊಡಗಿದ ಎಲೆ. ಗಿಡದ ಬುಡದಲ್ಲಿ ಕಂಡಿತೆಂದ ಮಾತ್ರಕ್ಕೆ ಬೇರು ತಿನ್ನುತ್ತದೆ ಎಂದು ತಿಳಿಯಬಾರದು. ಬುಡಕ್ಕೆ ನಾವೇ ಹಾಕಿದ ಸೊಪ್ಪಿಗೆ ಅದು ಬಂದಿರುತ್ತದೆ.

ಇದರ ಹಿಕ್ಕೆ ಒಳ್ಳೆಯ ಗೊಬ್ಬರವೆಂದು ಕೇಳಿದ್ದೇವೆ. ಎರೆಹುಳದ ಹಾಗೆ ಸಾಕಬಹುದೇ?

ಮೊದಲು ಅದು ಮಾಡುವ ಕೆಲಸವನ್ನು ನೋಡೋಣ. ಸಹಸ್ರಪದಿ ತಾನು ತಿಂದುದರಲ್ಲಿ ಸ್ವಲ್ಪವನ್ನಷ್ಟೇ ಜೀರ್ಣಿಸಿಕೊಳ್ಳುತ್ತದೆ, ಉಳಿದದ್ದು ನುಣ್ಣಗೆ ಅರೆದ ಹಿಕ್ಕೆಯಾಗಿ ಹೊರಬರುತ್ತದೆ. ಆರ್ತ್ರೋಸ್ಫೇರಾದ ಹಿಕ್ಕೆ ಬರಿಗಣ್ಣಿಗೆ ಚೆನ್ನಾಗಿ ಕಾಣುವಷ್ಟು ದೊಡ್ಡದು. ತರಗೆಲೆಯ ಅಡಿಯಲ್ಲಿ ಕಪ್ಪು ಕಂದಿನ, ಒತ್ತಿದರೆ ಪುಡಿಯಾಗುವ ಸಣ್ಣ ಗುಳಿಗೆಗಳು ರಾಶಿಯಾಗಿ ಸಿಕ್ಕಿದರೆ ಪ್ರಾಣಿ ಹತ್ತಿರದಲ್ಲೇ ಇದೆ ಎಂದು ತಿಳಿಯಬಹುದು. ಅರೆದ ಎಲೆಗೆ ಗಾಳಿ, ನೀರು ತಾಗುವ ಮೇಲ್ಮೈ ಹೆಚ್ಚು. ಪ್ರಾಣಿಯ ಕರುಳಿನ ಬ್ಯಾಕ್ಟೀರಿಯಾಗಳೂ ಅದರ ಜೊತೆ ಬಂದಿರುತ್ತವೆ. ಹೀಗಾಗಿ ಎಲೆ ಮಣ್ಣಾಗುವ ಕೆಲಸ ಬೇಗ ಸಾಗುತ್ತದೆ. ಮಂಗಳೂರು ವಿಶ್ವವಿದ್ಯಾಲಯದ ಅಧ್ಯಯನಗಳ ಆಸಕ್ತಿಯೂ ಇದೇ ಆಗಿತ್ತು: ತೋಟದ ಕಸವನ್ನು ಮ್ಯಾಗ್ನಾದ ಮೂಲಕ ಗೊಬ್ಬರ ಮಾಡುವ ಸಾಧ್ಯತೆಯನ್ನು ಅವರು ಪರೀಕ್ಷಿಸಿ ನೋಡಿದರು, ಸಾವಯವ ಕೃಷಿಗೆ ಇದರಿಂದಾಗುವ ಉಪಯೋಗವನ್ನು ಎತ್ತಿ ತೋರಿಸಿದರು.

ಆದರೂ ತೊಟ್ಟಿ ಕಟ್ಟಿ ಸಾಕುವುದನ್ನು ನಾನು ಸಲಹೆ ಮಾಡುವುದಿಲ್ಲ. ಎರೆಹುಳ ಬೇಗ ಮರಿ ಮಾಡುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಮಡಲನ್ನು ಎರೆಗೊಬ್ಬರ ಮಾಡುವ ವಿಧಾನವನ್ನು ರೂಪಿಸಿ ಬಹುಕಾಲವಾಯಿತು, ಅದಕ್ಕೆ ಬೇಕಾದ ಹುಳವೂ ಸಿಗುತ್ತದೆ. ಉಂಡೆ ಚೇರಟೆ ನಿಧಾನವಾಗಿ, ಹಲವು ಸಲ ಪೊರೆ ಕಳಚಿ ಬೆಳೆಯುವಂಥದ್ದು. ಗೊಬ್ಬರಕ್ಕೆಂದು ಕಾಡಿನಿಂದ ಹೆಕ್ಕಿ ತಂದರೆ ಅಲ್ಲಿ ಮತ್ತೆ ತುಂಬಿಕೊಳ್ಳಲು ವರ್ಷಗಳೇ ಬೇಕು. ಅದನ್ನು ತರುವುದಕ್ಕಿಂತ, ಅದು ತಾನಾಗಿ ಉಳಿಯುವಂತೆ ತೋಟವನ್ನು ಇಟ್ಟುಕೊಳ್ಳುವುದು ಸುಲಭ: ಸೋಗೆ, ಹಾಳೆ, ಕಾಡುಸೊಪ್ಪನ್ನು ಸುಡದೆ ಬುಡದಲ್ಲಿ ಕೊಳೆಯಲು ಬಿಡುವುದು, ತೋಟದ ಒಂದು ಬದಿಯನ್ನಾದರೂ ಕಳೆ ಕೊಚ್ಚುವ ಯಂತ್ರ ತಾಗದಂತೆ ನೆರಳಿನಲ್ಲಿಡುವುದು. ನಮ್ಮ ಮುರಕಲ್ಲು ಮಣ್ಣು ಹುಳಿಯದು, ಅದರಲ್ಲಿ ಸುಣ್ಣದಂಶ ಕಡಿಮೆ. ಕವಚಕ್ಕೆ ಸುಣ್ಣ ಬೇಕಾದ ಈ ಪ್ರಾಣಿಗೆ ಅದನ್ನು ಒದಗಿಸುವುದು ಹೆಚ್ಚಾಗಿ ಎಲೆಗಳೇ.

ಬೇಸಗೆಯಲ್ಲಿ ಏಕೆ ಕಾಣುವುದಿಲ್ಲ?

ಕೀಟಗಳ ಮೈಮೇಲಿರುವಂಥ ಪೂರ್ಣ ಪ್ರಮಾಣದ ಮೇಣದ ಪದರ ಸಹಸ್ರಪದಿಗಳಿಗಿಲ್ಲ, ಮೈಯ ನೀರು ಬೇಗ ಆರುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಾದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿಯುತ್ತದೆ. ಒಣ ತಿಂಗಳುಗಳಲ್ಲಿ ಅವು ಮಣ್ಣಿನ ಆಳಕ್ಕೆ, ಕಲ್ಲುಕಟ್ಟೆಯ ಸಂದಿಗೆ, ಕೊಳೆತ ಬೊಡ್ಡೆಯ ಒಳಕ್ಕೆ ಇಳಿದಿರುತ್ತವೆ. ಆಟಿ ತಿಂಗಳಲ್ಲಿ ಹುಡುಕುವವರಿಗೆ ಶ್ರಮ ಕಡಿಮೆ.

ಅಡಿಕೆಯ ಕೊಳೆರೋಗಕ್ಕೆ ಬಿಡುವ ಮದ್ದು ಇದಕ್ಕೆ ತೊಂದರೆ ಕೊಡುತ್ತದೆಯೇ?

ಆ ಮದ್ದಾದ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕುತ್ತೇವೆ. ಮೈಲುತುತ್ತಿನ ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಕೊನೆಯಿಂದ ತೊಟ್ಟಿಕ್ಕಿ, ಎಲೆಯೊಂದಿಗೆ ಉದುರಿ, ಮಣ್ಣಿನ ಮೇಲ್ಪದರದಲ್ಲಿ ವರ್ಷದಿಂದ ವರ್ಷಕ್ಕೆ ಸೇರುತ್ತ ಹೋಗುತ್ತದೆ. ಹೆಚ್ಚಾದ ತಾಮ್ರ ಮಣ್ಣಿನ ಜೀವಿಗಳಿಗೆ, ವಿಶೇಷವಾಗಿ ಎರೆಹುಳಗಳಿಗೆ ಕೆಡುಕೆಂಬುದು ಸ್ಥಿರಪಟ್ಟ ವಿಚಾರ. ಕೊಳೆರೋಗ ಬಂದರೆ ಕೃಷಿಕನ ವರ್ಷದ ದುಡಿಮೆಯೇ ನೆಲಕ್ಕೆ ಉದುರುತ್ತದಾದುದರಿಂದ ಮದ್ದು ಬಿಡಬೇಡಿ ಎನ್ನುವುದು ಸಲ್ಲದು. ಬೇಕಾದಷ್ಟೇ ಬಿಡುವುದು, ಉಳಿದ ದ್ರಾವಣವನ್ನು ತೋಟದ ಕಣಿಗೆ ಚೆಲ್ಲದಿರುವುದು, ಇವು ಕೈಯಲ್ಲಿರುವ ಮಾತು.

ಮಾದರಿಯನ್ನು ಸಂಗ್ರಹಿಸಿ ತಜ್ಞರಿಗೆ ಕಳುಹಿಸಬಹುದೇ?

ರಕ್ಷಿತಾರಣ್ಯದಿಂದ ಅನುಮತಿಯಿಲ್ಲದೆ ಏನನ್ನೂ ತರಬಾರದು. ಜೈವಿಕ ಮಾದರಿಗಳನ್ನು ವಿದೇಶಕ್ಕೆ ಕಳುಹಿಸುವುದು 2002ರ ಜೈವಿಕ ವೈವಿಧ್ಯ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ, ಅಂಚೆಯಲ್ಲಿ ಸುಮ್ಮನೆ ಹಾಕುವಂತಿಲ್ಲ. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ಪ್ರಾದೇಶಿಕ ಕೇಂದ್ರ ಕೋಯಿಕ್ಕೋಡಿನಲ್ಲಿದೆ. ಕಾಸರಗೋಡಿನವರಿಗೆ ಅದೇ ಹತ್ತಿರದ ದಾರಿ. ತಮ್ಮ ಸ್ವಂತ ತೋಟದಲ್ಲಿ ಸತ್ತು ಬಿದ್ದ ಬೆಳೆದ ಗಂಡು ಸಿಕ್ಕಿದರೆ, ಅದರ ಜೊತೆ ಸಿಕ್ಕಿದ ಊರು, ತಾಲೂಕು, ದಿನಾಂಕ, ತೋಟವೋ ಗುಡ್ಡೆಯೋ ನಾಗಬನವೋ ಎಂಬ ವಿವರವನ್ನು ಪೆನ್ಸಿಲಿನಿಂದ ಬರೆದಿಡಬೇಕು. ಶಾಯಿ ಮದ್ಯಸಾರದಲ್ಲಿ ಅಳಿಸಿಹೋಗುತ್ತದೆ. ‘ಮಲಬಾರ್’ ಎಂದಷ್ಟೇ ಬರೆದ ಹಳೆಯ ಚೀಟಿಗಳಿಂದಾಗಿ ಒಂದು ಪ್ರಾಣಿ ಯಾವ ಬೆಟ್ಟದ್ದೆಂದು ಇಂದಿಗೂ ತಿಳಿಯದೆ ತೊಡಕಾಗುತ್ತದೆ. ಊರಿನ ಹೆಸರಿಲ್ಲದ ಮಾದರಿಗೆ ಬೆಲೆ ಅರ್ಧವೂ ಇಲ್ಲ.

ಛಾಯಾಚಿತ್ರವಷ್ಟೇ ಸಾಕೇ? ಹೇಗೆ ತೆಗೆಯಬೇಕು?

ಕುಲವನ್ನು ಗುರುತಿಸಲು ಒಳ್ಳೆಯ ಚಿತ್ರ ಸಾಕಾಗುತ್ತದೆ, ಮತ್ತು ಯಾವ ಊರಿನಲ್ಲಿ ಯಾವ ತಿಂಗಳು ಕಂಡಿತು ಎಂಬ ದಾಖಲೆಗೂ ಅದು ಉಪಯೋಗಕ್ಕೆ ಬರುತ್ತದೆ. ಉಂಡೆಯಾದಾಗಿನ ಚಿತ್ರವನ್ನೇ ಎಲ್ಲರೂ ತೆಗೆಯುತ್ತಾರೆ, ಅದರಿಂದ ತಿಳಿಯುವುದು ಕಡಿಮೆ. ಬಿಚ್ಚಿಕೊಂಡು ನಡೆಯುವಾಗ ಮೇಲಿನಿಂದ ಒಂದು, ತಲೆ ಮತ್ತು ಮೀಸೆ ಸ್ಪಷ್ಟವಾಗುವಂತೆ ಮುಂದಿನಿಂದ ಒಂದು, ಕೊನೆಯ ಕವಚದ ಆಕಾರ ತೋರುವಂತೆ ಹಿಂದಿನಿಂದ ಒಂದು ಚಿತ್ರ ಬೇಕು; ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಚಪ್ಪಟೆಯಾದ ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟು, ಗೋಡೆ ಹತ್ತುವಾಗ ಕೆಳಗಿನಿಂದ ನೋಡಿದರೆ ಕೊನೆಯ ಕವಚದ ಅಡಿಯಲ್ಲಿ ಮಡಚಿಟ್ಟ ದಪ್ಪ ಟೆಲೋಪಾಡ್‌ಗಳು ಕಾಣುತ್ತವೆಯೇ ಎಂಬುದನ್ನು ಗಮನಿಸಬಹುದು. ಕಂಡರೆ ಅದು ಬೆಳೆದ ಗಂಡು. ಪ್ರಭೇದದ ಪ್ರಶ್ನೆಯನ್ನು ತಜ್ಞರ ಮುಂದೆ ಇಡಲು ಯೋಗ್ಯವಾದ ಪ್ರಾಣಿ ಅದೇ. ಚಿತ್ರ ತೆಗೆದಾದ ಮೇಲೆ ಪೆಟ್ಟಿಗೆಯನ್ನು ಬಿಸಿಲಿನಲ್ಲಿಡದೆ, ಎತ್ತಿದ ಜಾಗದಲ್ಲೇ ಎಲೆಯ ಅಡಿಯಲ್ಲಿ ಬಿಡಬೇಕು.